ಓದುಗರ ಪ್ರಶ್ನೆಗಳಿಗೆ ಉತ್ತರ: ಕೀನ್ಯಾದಲ್ಲಿ ಅಧಿಕಾರ ಯಾರ ಕೈ ಸೇರಿತು, ಹೇಗೆ ಸೇರಿತು

ಸ್ವಾತಂತ್ರ್ಯ ಪಡೆದ ಆಫ್ರಿಕಾದ ರಾಷ್ಟ್ರಗಳಲ್ಲಿ ನಾಯಕತ್ವಕ್ಕಾಗಿ ನಡೆದ ಸೆಣಸಾಟದ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಎಲ್ಲ ದೇಶಗಳನ್ನೂ ಒಂದೇ ಅಂಕಣದಲ್ಲಿ ಹಿಡಿಯಲು ಹೊರಟರೆ ಯಾವುದಕ್ಕೂ ನ್ಯಾಯ ಸಲ್ಲದು. ಆದ್ದರಿಂದ ಕೀನ್ಯಾಕ್ಕೆ ಸಂಬಂಧಿಸಿದ ಪತ್ರಗಳನ್ನು ಮಾತ್ರ ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಬರೆದವರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಜೋಮೊ ಕೆನ್ಯಾಟ ಸೆರೆಯಲ್ಲಿದ್ದಾಗ ಅವರ ಬಿಡುಗಡೆಗಾಗಿ ಪಟ್ಟು ಹಿಡಿದವರು ಒಗಿಂಗಾ ಒಡಿಂಗಾ. ಅಧ್ಯಕ್ಷರಾದ ಮೇಲೆ ಅದೇ ಒಡಿಂಗಾ ಅವರನ್ನು ಕೆನ್ಯಾಟ ಬಂಧನದಲ್ಲಿಟ್ಟರೆಂದು ಓದಿದೆ. ಇದು ಕೆನ್ಯಾಟ ಅವರ ಕಿಕುಯು ಮತ್ತು ಒಡಿಂಗಾ ಅವರ ಲುವೊ ಬುಡಕಟ್ಟುಗಳ ಹಗೆತನದ ಫಲವೇ? (ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನೀವು ಓದಿದ್ದು ನಿಜ. ಬುಡಕಟ್ಟಿನ ಭೇದ ಆ ಜಗಳವನ್ನು ಉಲ್ಬಣಗೊಳಿಸಿತೆಂಬುದನ್ನೂ ಅಲ್ಲಗಳೆಯಲಾಗದು. ಆದರೆ ಜಗಳ ಹುಟ್ಟಿದ್ದು ಭೂಮಿಯ ಪ್ರಶ್ನೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ, ಅದಕ್ಕೆ ಕಾರಣಗಳನ್ನೂ ಕೊಡುತ್ತೇನೆ.

1952ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿ ಕೆನ್ಯಾಟ ಅವರನ್ನು ಬಂಧಿಸಿತು. ಬ್ರಿಟಿಷರ ವಿರುದ್ಧದ ಮೌ ಮೌ ಬಂಡಾಯವನ್ನು ನಡೆಸಿದರೆಂಬ ಆರೋಪದ ಮೇಲೆ ಕಪೆಂಗುರಿಯಾ ಎಂಬ ದೂರದ ಊರಿನಲ್ಲಿ ಅವರನ್ನೂ ಇತರ ಐವರನ್ನೂ ವಿಚಾರಣೆಗೆ ಗುರಿಪಡಿಸಿ, 1953ರ ಏಪ್ರಿಲ್‌ನಲ್ಲಿ ಏಳು ವರ್ಷಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಅವರ ಪರ ವಾದಿಸಲು ನೆಹರೂ ಅವರು ದಿವಾನ್ ಚಮನ್‌ಲಾಲ್ ಅವರನ್ನು ಭಾರತದಿಂದ ಕಳುಹಿಸಿದ್ದನ್ನು ಇಲ್ಲಿ ನೆನೆಯಬೇಕು. ಕೆನ್ಯಾಟ ಎಂಬ ಹೆಸರನ್ನು ಸಾರ್ವಜನಿಕವಾಗಿ ಎತ್ತಲು ಇತರ ನಾಯಕರು ಹಿಂಜರಿಯುತ್ತಿದ್ದಾಗ, 1958ರ ಜೂನ್‌ನಲ್ಲಿ ಒಡಿಂಗಾ ಶಾಸನ ಸಭೆಯಲ್ಲೇ ಎದ್ದು ನಿಂತು, ಸೆರೆಯಲ್ಲಿರುವವರೇ ಆಫ್ರಿಕನ್ನರ ನಿಜವಾದ ನಾಯಕರೆಂದು ಹೇಳಿದರು. ಎರಡು ವರ್ಷಗಳ ನಂತರವೂ ಗವರ್ನರ್ ರೆನಿಸನ್, ಕೆನ್ಯಾಟ ಜನರನ್ನು ಕತ್ತಲೆಗೂ ಸಾವಿಗೂ ಒಯ್ಯುವ ನಾಯಕರೆಂದು ಘೋಷಿಸುತ್ತಿದ್ದರು ಎಂಬುದನ್ನು ಗಮನಿಸಿದರೆ ಒಡಿಂಗಾ ಅವರ ಮಾತಿನ ಧೈರ್ಯ ಎಷ್ಟೆಂಬುದು ತಿಳಿಯುತ್ತದೆ. 1961ರ ಚುನಾವಣೆಯಲ್ಲಿ ಗೆದ್ದ ಕೀನ್ಯಾ ಆಫ್ರಿಕನ್ ನ್ಯಾಷನಲ್ ಯೂನಿಯನ್, ಅಂದರೆ ಕಾನು ಪಕ್ಷ, ಕೆನ್ಯಾಟ ಬಿಡುಗಡೆಯಾಗದ ಹೊರತು ಸರ್ಕಾರ ರಚಿಸುವುದಿಲ್ಲವೆಂದು ಅಧಿಕಾರವನ್ನೇ ನಿರಾಕರಿಸಿತು. ಆ ನಿಲುವಿನಿಂದ ಕೊಂಚವೂ ಅಲುಗದವರಲ್ಲಿ ಒಡಿಂಗಾ ಮೊದಲಿಗರು. ಆ ವರ್ಷದ ಆಗಸ್ಟ್‌ನಲ್ಲಿ ಕೆನ್ಯಾಟ ಬಿಡುಗಡೆಯಾದರು.

1963ರ ಡಿಸೆಂಬರ್ 12ರಂದು ಸ್ವಾತಂತ್ರ್ಯ ಬಂದಿತು. ಬಿಳಿಯ ಜಮೀನುದಾರರು ಹಿಡಿದಿಟ್ಟುಕೊಂಡಿದ್ದ ಫಲವತ್ತಾದ ಎತ್ತರದ ಪ್ರದೇಶವನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದು ಹೊಸ ಸರ್ಕಾರದ ಮುಂದಿದ್ದ ಮೊದಲ ಕಗ್ಗಂಟು. ಬಂಡಾಯದ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಗಿತ್ತು. ಬಂಧನ ಶಿಬಿರಗಳಿಂದ ಊರಿಗೆ ಮರಳಿದ ಅನೇಕರು, ತಾವಿಲ್ಲದ ಕಾಲದಲ್ಲಿ ಚದುರಿದ ಹೊಲಗಳನ್ನು ಒಗ್ಗೂಡಿಸುವ ಭೂ ಏಕೀಕರಣ ನಡೆದು ತಮ್ಮ ಹೊಲಗಳು ಬ್ರಿಟಿಷರಿಗೆ ನಿಷ್ಠರಾಗಿದ್ದವರ ಹೆಸರಿಗೆ ದಾಖಲಾಗಿರುವುದನ್ನು ಕಂಡರು. ಸರ್ಕಾರ ಆರಿಸಿಕೊಂಡ ದಾರಿ ಎಂದರೆ, ಬ್ರಿಟನ್ನಿನಿಂದ ಸಾಲ ಪಡೆದು, ಮಾರಲು ಒಪ್ಪಿದ ಬಿಳಿಯರಿಂದ ಜಮೀನು ಕೊಂಡು, ಆಫ್ರಿಕನ್ ರೈತರಿಗೆ ಮತ್ತೆ ಸಾಲದ ಮೇಲೆ ಹಂಚುವುದು. ಹತ್ತು ಲಕ್ಷ ಎಕರೆಯ ಆ ಯೋಜನೆಯಲ್ಲಿ ಸುಮಾರು 35,000 ಕುಟುಂಬಗಳಿಗೆ ನೆಲೆ ಸಿಕ್ಕಿತು. ಸಾಲ ಪಡೆಯುವ ಶಕ್ತಿಯೂ ಕಚೇರಿಗಳಲ್ಲಿ ಪ್ರಭಾವವೂ ಇದ್ದವರು ಇದರ ಹೊರಗೆ ದೊಡ್ಡ ದೊಡ್ಡ ತೋಟಗಳನ್ನೇ ಇಡಿಯಾಗಿ ಕೊಂಡರು.

ಇದನ್ನು ಮೊದಲು ಪ್ರತಿಭಟಿಸಿದವರು ಲುವೊ ನಾಯಕರಲ್ಲ ಎಂಬುದು ನಿಮ್ಮ ಪ್ರಶ್ನೆಯ ದೃಷ್ಟಿಯಿಂದ ಮುಖ್ಯ. ಕಪೆಂಗುರಿಯಾದಲ್ಲಿ ಕೆನ್ಯಾಟ ಅವರೊಂದಿಗೆ ಶಿಕ್ಷೆಗೊಳಗಾಗಿದ್ದ ಬಿಲ್ಡಾಡ್ ಕಾಗಿಯಾ ಸ್ವತಃ ಕಿಕುಯು. ತಮ್ಮದೇ ಭೂಮಿಗೆ ಬಡವರು ಬೆಲೆ ತೆರಬೇಕೇ ಎಂದು ಕೇಳಿದ್ದಕ್ಕೆ ಅವರು 1964ರಲ್ಲಿ ಸಹಾಯಕ ಸಚಿವ ಸ್ಥಾನ ಕಳೆದುಕೊಂಡರು. ಮರುವರ್ಷ ಕಾಗಿಯಾ ಅವರ ಕ್ಷೇತ್ರದಲ್ಲೇ ನಡೆದ ಬಹಿರಂಗ ಸಭೆಯಲ್ಲಿ ಕೆನ್ಯಾಟ, ನಮ್ಮೊಡನೆ ಜೈಲಿನಲ್ಲಿದ್ದ ಇತರರು ಆಸ್ತಿಪಾಸ್ತಿ ಮಾಡಿಕೊಂಡಿದ್ದಾರೆ, ನೀನು ನಿನಗಾಗಿ ಏನು ಮಾಡಿಕೊಂಡಿದ್ದೀಯೆ ಎಂಬರ್ಥದಲ್ಲಿ ಅವರನ್ನು ಹೀಯಾಳಿಸಿದರು. ಒಂದು ಕಾಲದಲ್ಲಿ ಇಡೀ ಖಂಡವೇ ಗೌರವಿಸಿದ ಹಿರಿಯರ ಬಾಯಿಂದ ಆ ಮಾತು ಬಂದುದನ್ನು ಓದುವಾಗ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಕಾಗಿಯಾ ಕೊನೆಗೆ ಒಡಿಂಗಾ ಪಾಳೆಯ ಸೇರಿದರು. ಲುವೊ ಸಮುದಾಯದ ಟಾಮ್ ಎಂಬೋಯ ಅದೇ ಹೊತ್ತಿಗೆ ಕೆನ್ಯಾಟ ಅವರ ಬಲಗೈಯಾಗಿ ಒಡಿಂಗಾ ವಿರುದ್ಧ ನಿಂತಿದ್ದರು. ಬುಡಕಟ್ಟೇ ಎಲ್ಲವನ್ನೂ ನಿರ್ಧರಿಸಿದ್ದರೆ ಈ ಇಬ್ಬರ ಸ್ಥಾನಗಳು ಅದಲು ಬದಲಾಗಿರಬೇಕಾಗಿತ್ತು.

ಶೀತಲ ಸಮರವೂ ಇದರೊಳಗೆ ಸೇರಿಕೊಂಡಿತು. ಒಡಿಂಗಾ ಅವರಿಗೆ ಮಾಸ್ಕೋ ಮತ್ತು ಪೀಕಿಂಗ್‌ಗಳ ನೆರವಿತ್ತು, ಎಂಬೋಯ ಅವರಿಗೆ ಅಮೆರಿಕದ ಕಾರ್ಮಿಕ ಸಂಘಗಳ ನಂಟಿತ್ತು, ಬ್ರಿಟನ್ ಕೆನ್ಯಾಟ ಅವರ ಬೆನ್ನಿಗಿತ್ತು. 1965ರ ಏಪ್ರಿಲ್‌ನಲ್ಲಿ ಮೊಂಬಾಸಾ ಬಂದರಿಗೆ ಬಂದ ಸೋವಿಯತ್ ಶಸ್ತ್ರಾಸ್ತ್ರಗಳನ್ನು ಕೆನ್ಯಾಟ ತಿರಸ್ಕರಿಸಿ ಹಡಗನ್ನೇ ಹಿಂದಕ್ಕೆ ಕಳುಹಿಸಿದರು. ಆ ವೇಳೆಗಾಗಲೇ ಕೆನ್ಯಾಟ ಮತ್ತು ಒಡಿಂಗಾ ನಡುವಿನ ವಿಶ್ವಾಸ ಮುರಿದುಬಿದ್ದಿತ್ತು.

ಪ್ರಶ್ನೆ: ಕೀನ್ಯಾದ ಹೋರಾಟಗಾರ ಪಿಯೊ ಗಾಮಾ ಪಿಂಟೊ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರೆಂದು ಕೇಳಿದ್ದೇನೆ. ಅವರ ಹತ್ಯೆಗೂ ಈ ಅಧಿಕಾರದ ಹೋರಾಟಕ್ಕೂ ಸಂಬಂಧವಿದೆಯೇ? (ನಿವೃತ್ತ ಅಧ್ಯಾಪಕರು, ಧಾರವಾಡ)

ಉತ್ತರ: ತಾವು ಕೇಳಿದ್ದು ಸರಿ. 1927ರಲ್ಲಿ ನೈರೋಬಿಯ ಗೋವಾ ಮೂಲದ ಕುಟುಂಬದಲ್ಲಿ ಹುಟ್ಟಿದ ಪಿಂಟೊ ಅವರನ್ನು ಎಂಟನೆಯ ವಯಸ್ಸಿನಲ್ಲಿ ಓದಿಗಾಗಿ ಭಾರತಕ್ಕೆ ಕಳುಹಿಸಲಾಯಿತು. ಗೋವಾದ ಅರ್ಪೋರಾದಲ್ಲಿ ಮೆಟ್ರಿಕ್ ಮುಗಿಸಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದರು. ಬಳಿಕ ಕೆಲಕಾಲ ವಾಯುಪಡೆಯಲ್ಲಿದ್ದು, ಮುಂಬಯಿಯ ಅಂಚೆ ತಂತಿ ಇಲಾಖೆಯಲ್ಲಿ ದುಡಿದು, ಅಲ್ಲಿನ ಮುಷ್ಕರದಲ್ಲೂ ಪೋರ್ಚುಗೀಸರ ವಿರುದ್ಧದ ಗೋವಾ ಚಳವಳಿಯಲ್ಲೂ ತೊಡಗಿಕೊಂಡರು. ಪೋರ್ಚುಗೀಸರು ಬಂಧಿಸುವ ಭೀತಿ ಎದುರಾದಾಗ 1949ರಲ್ಲಿ ಕೀನ್ಯಾಕ್ಕೆ ಮರಳಿದರು.

ಅಲ್ಲಿನ ಬಹುಪಾಲು ಭಾರತೀಯರು ವ್ಯಾಪಾರ, ಕಚೇರಿ, ರೈಲ್ವೆ ಕೆಲಸಗಳಲ್ಲಿ ತಮ್ಮ ಪಾಡಿಗೆ ತಾವಿದ್ದಾಗ, ಪಿಂಟೊ ಸ್ವಾಹಿಲಿ ಕಲಿತು ಆಫ್ರಿಕನ್ ಹೋರಾಟಗಾರರ ನಡುವೆ ಬೆರೆತರು. ಕಾಡಿನಲ್ಲಿದ್ದ ಬಂಡಾಯಗಾರರಿಗೆ ಹಣ, ಶಸ್ತ್ರ, ಸಂದೇಶಗಳನ್ನು ತಲುಪಿಸುವ ಅಪಾಯದ ಕೆಲಸದಲ್ಲಿ ಕೈಜೋಡಿಸಿದರು. 1954ರಲ್ಲಿ, ಮದುವೆಯಾದ ಕೆಲವೇ ತಿಂಗಳುಗಳಲ್ಲಿ, ಅವರನ್ನು ವಿಚಾರಣೆಯಿಲ್ಲದೆ ಬಂಧಿಸಿ ಹಿಂದೂ ಮಹಾಸಾಗರದ ಮಾಂಡಾ ದ್ವೀಪದ ಶಿಬಿರಕ್ಕೆ ಕಳುಹಿಸಲಾಯಿತು. ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1959ರಲ್ಲಿ. ಅನಂತರ ಕಾನು ಪಕ್ಷದ ಪತ್ರಿಕೆ ಕಟ್ಟಿದರು, ಮೊಜಾಂಬಿಕ್‌ನ ವಿಮೋಚನಾ ಹೋರಾಟಕ್ಕೆ ನೆರವಾದರು, 1964ರಲ್ಲಿ ಸಂಸತ್ತಿನ ಸದಸ್ಯರಾದರು. ಪಕ್ಷದ ಕಾರ್ಯಕರ್ತರಿಗೆ ತರಬೇತಿ ಕೊಡಲು ಆ ವರ್ಷದ ಕೊನೆಯಲ್ಲಿ ಆರಂಭವಾದ ಲುಮುಂಬಾ ಸಂಸ್ಥೆಯ ಹಿಂದೆಯೂ ಅವರ ದುಡಿಮೆಯಿತ್ತು. ಅಷ್ಟರಲ್ಲಿ ಅವರು ಒಡಿಂಗಾ ಬಣದ ಮುಖ್ಯ ತಂತ್ರಗಾರರೆಂದು ಹೆಸರಾಗಿದ್ದರು. ಚದುರಿದ್ದ ಸಂಸತ್ ಸದಸ್ಯರನ್ನು ಒಟ್ಟುಗೂಡಿಸುವ, ಹಣ ಹೊಂದಿಸುವ, ಲೆಕ್ಕವಿಡುವ ಶಿಸ್ತು ಒಡಿಂಗಾ ಅವರ ಸುತ್ತ ಅವರಷ್ಟು ಬೇರೆಯವರಿಗಿರಲಿಲ್ಲ.

1965ರ ಫೆಬ್ರುವರಿ 24ರ ಬೆಳಿಗ್ಗೆ, ಪುಟ್ಟ ಮಗಳನ್ನು ಕಾರಿನ ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಮನೆಯ ಗೇಟಿನ ಬಳಿ ನಿಂತಿದ್ದ ಪಿಂಟೊ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ ಆಗ 37 ವರ್ಷ. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಹತ್ಯೆ ಇದು. ಒಬ್ಬ ಯುವಕನಿಗೆ ಶಿಕ್ಷೆಯಾಯಿತು. ತಾನು ನಿರಪರಾಧಿಯೆಂದೇ ಹೇಳುತ್ತ ಬಂದ ಆತ ಹೊರಬಂದದ್ದು 2001ರಲ್ಲಿ. ಕೊಲ್ಲಿಸಿದವರು ಯಾರೆಂಬುದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. 2013ರಲ್ಲಿ ವರದಿ ಕೊಟ್ಟ ಸತ್ಯ, ನ್ಯಾಯ ಮತ್ತು ಸಾಮರಸ್ಯ ಆಯೋಗ ಇದನ್ನು ರಾಜಕೀಯ ಹತ್ಯೆಯೆಂದೇ ಪರಿಗಣಿಸಿತು. ಕೊಲೆಯಾದ ಎರಡು ತಿಂಗಳ ನಂತರ, ಎಂಬೋಯ ಅವರ ಸಚಿವಾಲಯ ಸಿದ್ಧಪಡಿಸಿದ 'ಆಫ್ರಿಕನ್ ಸಮಾಜವಾದ'ದ ನೀತಿಪತ್ರ ಪ್ರಕಟವಾಯಿತು. ಹೆಸರಿನಲ್ಲಿ ಸಮಾಜವಾದವಿದ್ದರೂ ಖಾಸಗಿ ಆಸ್ತಿಗೂ ವಿದೇಶಿ ಬಂಡವಾಳಕ್ಕೂ ಅದು ಪೂರ್ಣ ಅಭಯ ನೀಡಿತ್ತು. ಅದನ್ನು ಸಂಸತ್ತಿನಲ್ಲಿ ಸಂಘಟಿತವಾಗಿ ಎದುರಿಸಬಲ್ಲವರಾಗಿದ್ದ ಪಿಂಟೊ ಇರಲಿಲ್ಲ. ಇದರಾಚೆಗೆ ಊಹೆ ಮಾಡುವುದು ಸರಿಯಲ್ಲ.

ಪ್ರಶ್ನೆ: ನಮ್ಮ ಊರಿನಲ್ಲಿ ಓದಿದವರೊಬ್ಬರು ಕೀನ್ಯಾದ ಉಪಾಧ್ಯಕ್ಷರಾಗಿದ್ದರಂತೆ. ನಿಜವೇ? (ಗ್ರಂಥಪಾಲಕರು, ಬಳ್ಳಾರಿ)

ಉತ್ತರ: ನಿಜ. ಅವರು ಜೋಸೆಫ್ ಮುರುಂಬಿ. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ ಸಮುದಾಯದವರು. ಬಾಲ್ಯದಲ್ಲೇ ಭಾರತಕ್ಕೆ ಬಂದು ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಲ್ಲಿ ಕಲಿತರು. ದೇಶದ ಉಪಾಧ್ಯಕ್ಷರಾಗಿದ್ದ ಒಡಿಂಗಾ ರಾಜೀನಾಮೆ ಕೊಟ್ಟ ಮೇಲೆ 1966ರ ಮೇ ತಿಂಗಳಲ್ಲಿ ಕೆನ್ಯಾಟ ಇವರನ್ನು ಉಪಾಧ್ಯಕ್ಷರನ್ನಾಗಿ ಮಾಡಿದರು, ಆದರೆ ವರ್ಷ ತುಂಬುವ ಮೊದಲೇ ಮುರುಂಬಿ ಆ ಸ್ಥಾನವನ್ನು ಬಿಟ್ಟುಬಿಟ್ಟರು. ಪಿಂಟೊ ಅವರ ಆಪ್ತ ಗೆಳೆಯರಾಗಿದ್ದ ಅವರಿಗೆ ಆ ಹತ್ಯೆಯ ನಂತರದ ರಾಜಕೀಯ ಹಿಡಿಸಿರಲಿಲ್ಲ. ಮುಂದೆ ಆಫ್ರಿಕನ್ ಕಲಾಕೃತಿಗಳನ್ನೂ ಪುಸ್ತಕಗಳನ್ನೂ ಸಂಗ್ರಹಿಸುವುದರಲ್ಲಿ ಬದುಕು ಕಳೆದರು. ಆ ಸಂಗ್ರಹದ ಬಹುಭಾಗ ಇಂದು ನೈರೋಬಿಯಲ್ಲಿದೆ.

ಪ್ರಶ್ನೆ: ಸಂವಿಧಾನವಿದ್ದ ದೇಶದಲ್ಲಿ, ಚುನಾಯಿತ ಸಂಸತ್ತು ಇರುವಾಗ, ಒಬ್ಬರ ಕೈಯಲ್ಲಿ ಇಷ್ಟು ಅಧಿಕಾರ ಸೇರಲು ಹೇಗೆ ಸಾಧ್ಯವಾಯಿತು? (ವಕೀಲರು, ಮಂಗಳೂರು)

ಉತ್ತರ: ಎಲ್ಲವೂ ಸಂವಿಧಾನದ ಮೂಲಕವೇ ನಡೆಯಿತು ಎಂಬುದೇ ಕೀನ್ಯಾದ ವಿಶೇಷ. ಆ ತಿದ್ದುಪಡಿಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಹೆಚ್ಚಿನವುಗಳ ಹಿಂದೆ ಒಬ್ಬ ನಿರ್ದಿಷ್ಟ ವ್ಯಕ್ತಿ ಅಥವಾ ಗುಂಪು ಕಾಣಿಸುತ್ತದೆ.

ಸ್ವಾತಂತ್ರ್ಯದ ಹೊತ್ತಿನಲ್ಲಿದ್ದ ಸಂವಿಧಾನ ಪ್ರಾಂತೀಯ ಅಧಿಕಾರವನ್ನು ಎತ್ತಿಹಿಡಿದಿತ್ತು. ಏಳು ಪ್ರಾಂತೀಯ ಸಭೆಗಳು, ಎರಡು ಸದನಗಳ ಸಂಸತ್ತು, ಮುಖ್ಯ ವಿಧಿಗಳನ್ನು ಬದಲಿಸಬೇಕಾದರೆ ಕೆಳಮನೆಯಲ್ಲಿ ಶೇಕಡಾ 75, ಸೆನೆಟ್‌ನಲ್ಲಿ ಶೇಕಡಾ 90 ಮತಗಳ ಬೆಂಬಲ, ಹೀಗೆ ಬಲವಾದ ಬೇಲಿಗಳಿದ್ದವು. ಕಿಕುಯು ಮತ್ತು ಲುವೊಗಳ ಪ್ರಾಬಲ್ಯಕ್ಕೆ ಅಂಜಿದ್ದ ಸಣ್ಣ ಸಮುದಾಯಗಳ ಪರವಾಗಿ ರೊನಾಲ್ಡ್ ನ್ಗಾಲಾ ಮತ್ತು ಡೇನಿಯಲ್ ಅರಪ್ ಮೊಯ್ ಅವರ ಡೆಮಾಕ್ರಟಿಕ್ ಯೂನಿಯನ್ ಇದಕ್ಕಾಗಿ ಹಟ ಹಿಡಿದು ಗೆದ್ದಿತ್ತು. ಆದರೆ ಹಣಕಾಸು ಕೇಂದ್ರದ ಕೈಯಲ್ಲಿತ್ತು. ಪ್ರಾಂತಗಳಿಗೆ ಸಲ್ಲಬೇಕಾದ ಹಣ ಸಕಾಲಕ್ಕೆ ಬರಲಿಲ್ಲ, ವಿರೋಧ ಪಕ್ಷದ ಸದಸ್ಯರು ಒಬ್ಬೊಬ್ಬರಾಗಿ ಸರ್ಕಾರದ ಕಡೆ ಸರಿದರು, 1964ರ ನವೆಂಬರ್‌ನಲ್ಲಿ ಆ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಮರುತಿಂಗಳೇ ಕೀನ್ಯಾ ಗಣರಾಜ್ಯವಾಗಿ ಕೆನ್ಯಾಟ ಕಾರ್ಯಾಂಗದ ಪೂರ್ಣಾಧಿಕಾರವುಳ್ಳ ಅಧ್ಯಕ್ಷರಾದರು. 1965ರಲ್ಲಿ ತಿದ್ದುಪಡಿಗೆ ಬೇಕಾದ ಬಹುಮತವನ್ನು ಶೇಕಡಾ 65ಕ್ಕೆ ಇಳಿಸಲಾಯಿತು. ಮುಂದಿನದೆಲ್ಲವೂ ಸುಲಭವಾದದ್ದು ಇದರಿಂದ. ವಿಷಾದದ ಸಂಗತಿಯೆಂದರೆ, ಈ ಹಂತದ ಬದಲಾವಣೆಗಳನ್ನು ಒಡಿಂಗಾ ಮತ್ತು ಅವರ ಸಂಗಾತಿಗಳು ರಾಷ್ಟ್ರೀಯ ಏಕತೆಯ ಹೆಸರಿನಲ್ಲಿ ಹೃತ್ಪೂರ್ವಕವಾಗಿ ಬೆಂಬಲಿಸಿದ್ದರು.

1966ರ ಮಾರ್ಚ್‌ನಲ್ಲಿ ಲಿಮುರು ಎಂಬಲ್ಲಿ ನಡೆದ ಕಾನು ಸಮ್ಮೇಳನ, ಪಕ್ಷದಲ್ಲಿ ಒಡಿಂಗಾ ಹೊಂದಿದ್ದ ಉಪಾಧ್ಯಕ್ಷ ಹುದ್ದೆಯನ್ನು ರದ್ದುಮಾಡಿ ಅದರ ಬದಲು ಎಂಟು ಮಂದಿ ಉಪಾಧ್ಯಕ್ಷರನ್ನು ನೇಮಿಸಿತು. ಇದನ್ನು ಹೆಣೆದವರು ಪಕ್ಷದ ಪ್ರಧಾನ ಕಾರ್ಯದರ್ಶಿ ಎಂಬೋಯ. ಏಪ್ರಿಲ್‌ನಲ್ಲಿ ಒಡಿಂಗಾ ಸರ್ಕಾರದಿಂದಲೂ ಹೊರಬಂದು ಕೀನ್ಯಾ ಪೀಪಲ್ಸ್ ಯೂನಿಯನ್ ಸೇರಿದರು. ಅವರೊಂದಿಗೆ ಹೊರಟ ಸದಸ್ಯರನ್ನು ಹಿಡಿಯಲು, ಪಕ್ಷ ಬಿಟ್ಟವರು ಸ್ಥಾನ ತೊರೆದು ಮತ್ತೆ ಮತದಾರರ ಮುಂದೆ ಹೋಗಬೇಕೆಂಬ ತಿದ್ದುಪಡಿಯನ್ನು ಅದೇ ತಿಂಗಳು ತರಾತುರಿಯಲ್ಲಿ ಅಂಗೀಕರಿಸಲಾಯಿತು. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ ಎಂಬುದು ವಕೀಲರಾದ ತಮಗೆ ತಿಳಿದೇ ಇದೆ. ಅಲ್ಲಿ ಮಾತ್ರ, ಸುಮಾರು ಒಂದೂವರೆ ವರ್ಷದ ಹಿಂದೆ ಡೆಮಾಕ್ರಟಿಕ್ ಯೂನಿಯನ್ನಿನ ಸದಸ್ಯರು ಸಾಲುಸಾಲಾಗಿ ಕಾನು ಸೇರಿದಾಗ ಯಾರಿಗೂ ಇಂಥ ನಿಯಮ ನೆನಪಾಗಿರಲಿಲ್ಲ. ಆ ಜೂನ್‌ನಲ್ಲಿ ನಡೆದ 29 ಉಪಚುನಾವಣೆಗಳಲ್ಲಿ ಹೊಸ ಪಕ್ಷ ಒಟ್ಟು ಮತಗಳಲ್ಲಿ ಮುಂದಿದ್ದರೂ ಗೆದ್ದದ್ದು ಒಂಬತ್ತು ಸ್ಥಾನಗಳನ್ನು ಮಾತ್ರ. ಕಾಗಿಯಾ ಸೋತರು. ಪಕ್ಷದ ಬಲ ಲುವೊ ಸೀಮೆಗೆ ಕುಗ್ಗಿತು. ಅದನ್ನು ಒಂದು ಬುಡಕಟ್ಟಿನ ಪಕ್ಷವೆಂದು ಜರೆಯುವುದು ಆಮೇಲೆ ಸರ್ಕಾರಕ್ಕೆ ಕಷ್ಟವಾಗಲಿಲ್ಲ.

ಅದೇ ವರ್ಷ ವಿಚಾರಣೆಯಿಲ್ಲದೆ ಬಂಧಿಸುವ ಕಾನೂನು ಬಂದಿತು. ಬ್ರಿಟಿಷರು ತಮ್ಮ ಮೇಲೆ ಬಳಸಿದ್ದ ಅಸ್ತ್ರವನ್ನೇ ಸ್ವಾತಂತ್ರ್ಯ ಹೋರಾಟಗಾರರ ಸರ್ಕಾರ ಮೂರು ವರ್ಷ ತುಂಬುವ ಮೊದಲೇ ಕೈಗೆತ್ತಿಕೊಂಡಿತು. 1967ರ ವೇಳೆಗೆ ಸೆನೆಟ್ ಇಲ್ಲವಾಯಿತು. 1968ರಲ್ಲಿ ಪಕ್ಷೇತರರು ಚುನಾವಣೆಗೆ ನಿಲ್ಲುವುದನ್ನೂ ನಿಷೇಧಿಸಲಾಯಿತು. ಇವೆಲ್ಲ ಎದುರಾಳಿಗಳಿಗಾಗಿ ಬಂದವು. ಸ್ನೇಹಿತರಿಗಾಗಿ ಬಂದ ಒಂದನ್ನೂ ಹೇಳಬೇಕು: ಚುನಾವಣಾ ಅಪರಾಧಕ್ಕಾಗಿ ಸ್ಪರ್ಧೆಯಿಂದ ಅನರ್ಹರಾಗಿದ್ದ ಪಾಲ್ ನ್ಗೇಯಿ, ಕೆನ್ಯಾಟ ಅವರ ಹಳೆಯ ಜೈಲು ಸಂಗಾತಿ. ಅಂಥ ಅನರ್ಹತೆಯನ್ನು ಮನ್ನಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ತಿದ್ದುಪಡಿ 1975ರ ಡಿಸೆಂಬರ್‌ನಲ್ಲಿ ಒಂದೇ ದಿನದಲ್ಲಿ ಅಂಗೀಕಾರವಾಯಿತು.

ಪ್ರಶ್ನೆ: ಒಡಿಂಗಾ ಅವರನ್ನು ಬದಿಗೆ ಸರಿಸಿದ ಟಾಮ್ ಎಂಬೋಯ ಅವರೇ ಮುಂದೆ ಕೊಲೆಯಾದದ್ದೇಕೆ? (ಗೃಹಿಣಿ, ಮೈಸೂರು)

ಉತ್ತರ: ಒಡಿಂಗಾ ಸರ್ಕಾರದಿಂದ ಹೊರಹೋದ ಮೇಲೆ ಕೆನ್ಯಾಟ ಅವರ ನಂತರ ಯಾರು ಎಂಬ ಪ್ರಶ್ನೆಗೆ ಎದ್ದು ಕಾಣುತ್ತಿದ್ದ ಉತ್ತರ ಎಂಬೋಯ ಅವರೇ. 1930ರಲ್ಲಿ ಕತ್ತಾಳೆ ತೋಟದ ಕೆಲಸಗಾರರ ಮಗನಾಗಿ ಹುಟ್ಟಿ, ಕಾರ್ಮಿಕ ಸಂಘಟನೆಯಿಂದ ಮೇಲೆ ಬಂದು, 28ನೆಯ ವಯಸ್ಸಿಗೇ ಅಕ್ರಾದ ಅಖಿಲ ಆಫ್ರಿಕಾ ಜನತಾ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ನೂರಾರು ಯುವಜನರನ್ನು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ವಿಮಾನದಲ್ಲಿ ಕಳುಹಿಸಿಕೊಟ್ಟ ಎಂಬೋಯ ಅವರಷ್ಟು ಸಮರ್ಥ ಆಡಳಿತಗಾರ ಆ ಸಂಪುಟದಲ್ಲಿ ಮತ್ತೊಬ್ಬರಿರಲಿಲ್ಲ. ನೈರೋಬಿಯಂಥ ಮಿಶ್ರ ನಗರದಲ್ಲಿ ಎಲ್ಲ ಸಮುದಾಯಗಳ ಮತ ಪಡೆದು ಗೆಲ್ಲುತ್ತಿದ್ದರು. ಅಧ್ಯಕ್ಷರ ಸುತ್ತ ನೆರೆದಿದ್ದ ಕಿಯಾಂಬು ಜಿಲ್ಲೆಯ ಬಂಧುಬಳಗಕ್ಕೆ ಇದೇ ಭಯ ಹುಟ್ಟಿಸಿತು.

1968ರ ಮೇ ತಿಂಗಳಲ್ಲಿ ಕೆನ್ಯಾಟ ಅವರಿಗೆ ಪಾರ್ಶ್ವವಾಯು ಬಡಿದಾಗ ಉತ್ತರಾಧಿಕಾರದ ಚರ್ಚೆ ತುರ್ತಿನದಾಯಿತು. ಅಧ್ಯಕ್ಷರಾಗಲು 40 ವರ್ಷ ತುಂಬಿರಬೇಕೆಂಬ ಪ್ರಸ್ತಾಪ ಬಂದದ್ದು ಆ ಹಿನ್ನೆಲೆಯಲ್ಲಿ. ಎಂಬೋಯ ಅವರಿಗೆ ಆಗ 38 ಕೂಡ ತುಂಬಿರಲಿಲ್ಲ. ಸಂಸತ್ ಸದಸ್ಯರು ಪ್ರತಿಭಟಿಸಿದ್ದರಿಂದ ಅದು 35ಕ್ಕೆ ಇಳಿಯಿತು. ಅಧ್ಯಕ್ಷರು ತೀರಿಕೊಂಡರೆ ಉಪಾಧ್ಯಕ್ಷರು 90 ದಿನ ಅಧಿಕಾರ ನಡೆಸಿ, ಅಷ್ಟರೊಳಗೆ ಚುನಾವಣೆ ಆಗಬೇಕೆಂದೂ ಗೊತ್ತುಪಡಿಸಲಾಯಿತು. 1969ರ ಜುಲೈ 5ರಂದು ನೈರೋಬಿಯ ಪೇಟೆಬೀದಿಯಲ್ಲಿ, ಔಷಧಿ ಅಂಗಡಿಯಿಂದ ಹೊರಬರುತ್ತಿದ್ದ ಎಂಬೋಯ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕಿಕುಯು ಸಮುದಾಯದ ಒಬ್ಬನಿಗೆ ಮರಣದಂಡನೆಯಾಯಿತು, ಹಿಂದಿದ್ದವರ ಹೆಸರು ಹೊರಬರಲಿಲ್ಲ.

ಬುಡಕಟ್ಟಿನ ಬಿರುಕು ನಿಜವಾಗಿ ಆಳವಾದದ್ದು ಆಗ. ಎಂಬೋಯ ಮತ್ತು ಒಡಿಂಗಾ ಬಣಗಳೆಂದು ಒಡೆದಿದ್ದ ಲುವೊ ಜನ ದುಃಖದಲ್ಲಿ ಒಂದಾದರು. ಇತ್ತ ಕೆನ್ಯಾಟ ಅವರ ಊರಾದ ಗಟುಂಡುವಿನಲ್ಲಿ, ಅಧಿಕಾರವನ್ನು ತಮ್ಮ ಸಮುದಾಯದ ಕೈಯಿಂದ ಬಿಟ್ಟುಕೊಡುವುದಿಲ್ಲವೆಂದು ಕಿಕುಯು ಜನರಿಂದ ಸಾಮೂಹಿಕವಾಗಿ ಪ್ರಮಾಣ ಮಾಡಿಸಲಾಯಿತು. ಅಕ್ಟೋಬರ್ 25ರಂದು ಸೋವಿಯತ್ ನೆರವಿನಿಂದ ಕಟ್ಟಿದ ಆಸ್ಪತ್ರೆಯನ್ನು ಉದ್ಘಾಟಿಸಲು ಕೆನ್ಯಾಟ ಲುವೊ ಸೀಮೆಯ ಕಿಸುಮುಗೆ ಬಂದಾಗ, ಒಡಿಂಗಾ ಅವರೊಂದಿಗೆ ವೇದಿಕೆಯಲ್ಲೇ ಮಾತಿಗೆ ಮಾತು ಬೆಳೆದು, ಜನ ಉದ್ರಿಕ್ತರಾಗಿ, ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆ 11, ಊರಿನವರು ಅದಕ್ಕಿಂತ ಬಹಳ ಹೆಚ್ಚೆನ್ನುತ್ತಾರೆ. ಕೆಲವೇ ದಿನಗಳಲ್ಲಿ ಪೀಪಲ್ಸ್ ಯೂನಿಯನ್ ನಿಷೇಧಕ್ಕೊಳಗಾಯಿತು, ಒಡಿಂಗಾ 1971ರವರೆಗೆ ಬಂಧನದಲ್ಲಿದ್ದರು. ಡಿಸೆಂಬರ್‌ನಲ್ಲಿ ಒಂದೇ ಪಕ್ಷದೊಳಗೆ ಚುನಾವಣೆ ನಡೆದಾಗ ಮತದಾರರು ಹಾಲಿ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಸೋಲಿಸಿದರು. ಜನರಿಗೆ ಉಳಿದಿದ್ದ ಸಿಟ್ಟು ತೋರುವ ದಾರಿ ಅದೊಂದೇ.

ಪ್ರಶ್ನೆ: ಘಾನಾ, ನೈಜೀರಿಯಾ, ಉಗಾಂಡಾಗಳಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಕೀನ್ಯಾದಲ್ಲಿ ಹಾಗೇಕೆ ಆಗಲಿಲ್ಲ? (ಮಾಜಿ ಸೈನಿಕರು, ಮಡಿಕೇರಿ)

ಉತ್ತರ: ಎಚ್ಚರಿಕೆ ಬೇಗನೆ ಸಿಕ್ಕಿತ್ತು. 1964ರ ಜನವರಿಯಲ್ಲಿ ಟಾಂಗನಿಕಾ ಮತ್ತು ಉಗಾಂಡಾದ ಸೈನಿಕರು ದಂಗೆಯೆದ್ದ ವಾರವೇ ಕೀನ್ಯಾದ ಲಾನೆಟ್ ಪಾಳೆಯದಲ್ಲೂ ಸೈನಿಕರು ತಿರುಗಿಬಿದ್ದರು. ಬ್ರಿಟಿಷ್ ಪಡೆಗಳು ಅದನ್ನು ಅಡಗಿಸಿದವು. ಅಲ್ಲಿಂದ ಮುಂದೆ ಕೆನ್ಯಾಟ ಸೈನ್ಯವನ್ನು ಚಿಕ್ಕದಾಗಿಯೇ ಇಟ್ಟು, ಬ್ರಿಟನ್ನಿನೊಂದಿಗೆ ರಕ್ಷಣಾ ಸಂಬಂಧ ಕಾಯ್ದುಕೊಂಡು, ಪೊಲೀಸ್ ಇಲಾಖೆಯ ಅರೆಸೈನಿಕ ದಳವನ್ನು ಅದಕ್ಕೆ ಸರಿಸಾಟಿಯಾಗುವಂತೆ ಬೆಳೆಸಿದರು. 1982ರ ಆಗಸ್ಟ್ 1ರಂದು ವಾಯುಪಡೆಯ ಕೆಲವರು ಯತ್ನಿಸಿದ ಕ್ಷಿಪ್ರಕ್ರಾಂತಿಯೂ ಬೇಗನೆ ಮುರಿದುಬಿತ್ತು.

ಪ್ರಶ್ನೆ: ಕಿಕುಯು ಗುಂಪು ಅಷ್ಟು ಬಲವಾಗಿದ್ದರೂ ಸಣ್ಣ ಸಮುದಾಯದ ಮೊಯ್ ಅಧ್ಯಕ್ಷರಾದದ್ದು ಹೇಗೆ? (ಉಪನ್ಯಾಸಕರು, ಉಡುಪಿ)

ಉತ್ತರ: ಮೊಯ್ ಅವರನ್ನು 1967ರ ಆರಂಭದಲ್ಲಿ ಉಪಾಧ್ಯಕ್ಷರನ್ನಾಗಿ ಮಾಡಿದ್ದು ಅವರಿಂದ ಯಾರಿಗೂ ಅಪಾಯವಿಲ್ಲವೆಂಬ ಲೆಕ್ಕದಿಂದ. ಎಂಬೋಯ ಅವರ ದಾರಿ ಕಟ್ಟಲು ರೂಪಿಸಿದ್ದ 90 ದಿನಗಳ ನಿಯಮ ಈಗ ಮೊಯ್ ಅವರಿಗೆ ಅನುಕೂಲವಾಗುತ್ತದೆಂದು ಕಿಯಾಂಬು ಬಣಕ್ಕೆ ಹೊಳೆದದ್ದು ತಡವಾಗಿ. 1976ರಲ್ಲಿ ಆ ಬಣದವರು ನಕುರು ಮೊದಲಾದೆಡೆ ಸಭೆ ನಡೆಸಿ, ಉಪಾಧ್ಯಕ್ಷರಿಗೆ ಆ ಅವಕಾಶ ಸಿಗದಂತೆ ಸಂವಿಧಾನ ತಿದ್ದಬೇಕೆಂದು ಒತ್ತಾಯಿಸಿದರು. ಅಟಾರ್ನಿ ಜನರಲ್ ಚಾರ್ಲ್ಸ್ ನ್ಜೊಂಜೊ, ಅಧ್ಯಕ್ಷರ ಮರಣವನ್ನು ಕಲ್ಪಿಸಿಕೊಳ್ಳುವುದೂ ಮರಣದಂಡನೆಗೆ ಅರ್ಹವಾದ ಅಪರಾಧವೆಂದು ಪ್ರಕಟಿಸಿ ಆ ಚಳವಳಿಯ ಬಾಯಿ ಕಟ್ಟಿದರು. ನ್ಜೊಂಜೊ ಕೂಡ ಕಿಕುಯು ಎಂಬುದನ್ನು ಶಿವಮೊಗ್ಗದ ಓದುಗರೂ ಗಮನಿಸಬೇಕು. ಅದಕ್ಕೆ ಹಿಂದಿನ ವರ್ಷ, ಶ್ರೀಮಂತಿಕೆಯ ಅಸಮಾನತೆಯನ್ನು ಖಂಡಿಸುತ್ತಿದ್ದ ಜನಪ್ರಿಯ ಕಿಕುಯು ನಾಯಕ ಜೆ. ಎಂ. ಕರಿಯುಕಿ ಅವರ ಹತ್ಯೆಯಾಗಿ, ಕೆನ್ಯಾಟ ಆಳ್ವಿಕೆಗೆ ಸ್ವಂತ ಸಮುದಾಯದಲ್ಲೇ ಇದ್ದ ನೈತಿಕ ಬಲ ಕುಂದಿತ್ತು.

1978ರ ಆಗಸ್ಟ್ 22ರಂದು ಕೆನ್ಯಾಟ ಮೊಂಬಾಸಾದಲ್ಲಿ ತೀರಿಕೊಂಡರು. ಮೊಯ್ ಅಂದೇ ಪ್ರಮಾಣವಚನ ಸ್ವೀಕರಿಸಿ, 90 ದಿನಗಳು ಮುಗಿಯುವ ಮೊದಲೇ ಅವಿರೋಧವಾಗಿ ಅಧ್ಯಕ್ಷರಾದರು. 1982ರಲ್ಲಿ ಒಡಿಂಗಾ ಮತ್ತೊಂದು ಪಕ್ಷ ಕಟ್ಟಲು ಹೊರಟಾಗ, ದೇಶದಲ್ಲಿ ಕಾನು ಒಂದೇ ಪಕ್ಷ ಇರತಕ್ಕದ್ದು ಎಂಬ ತಿದ್ದುಪಡಿ ಜೂನ್ ತಿಂಗಳಲ್ಲಿ ಬಂದಿತು. ಅದು ರದ್ದಾದದ್ದು 1991ರ ಡಿಸೆಂಬರ್‌ನಲ್ಲಿ. ಮರುವರ್ಷದ ಬಹುಪಕ್ಷ ಚುನಾವಣೆಗೆ, 80 ದಾಟಿದ್ದ ಒಡಿಂಗಾ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದರು. ವಿರೋಧ ಪಕ್ಷಗಳ ಮತ ಮೂರು ಪಾಲಾಗಿ, ಸುಮಾರು ಶೇಕಡಾ 36ರಷ್ಟು ಮತ ಪಡೆದ ಮೊಯ್ ಅವರೇ ಮತ್ತೆ ಗೆದ್ದರು.